ಚಿಕ್ಕಪ್ಪ ಅಳಿಸಿಹೋದ ದಿನ

ಅಕ್ಕನ ಗಂಟಲೆಂದರೆ ಗಂಟಲು. ನಾಟಕಗಳಿಗೆ ರಂಗಸಜ್ಜಿಕೆ ತಯಾರಿಸುವ ಆ ಕಾರ್ಖಾನೆಯ ಈ ತುದಿಯಲ್ಲಿ ನಿಂತು ಅವಳು ಒಂದು ಕೂಗು ಹಾಕಿದರೆ ಸಾಕು, ಆ ತುದಿಯಲ್ಲಿ ಗರಗಸದ ಯಂತ್ರದ ಮುಂದೆ ನಿಂತ ಮೇಸ್ತ್ರಿ ಯಂತ್ರವನ್ನು ನಿಲ್ಲಿಸದೆಯೇ "ಬಂದೆ" ಎನ್ನುತ್ತಿದ್ದರು. ಮರದ ಮೆಟ್ಟಿಲು, ಬಾಗಿಲು, ಬಣ್ಣದ ಪರದೆ, ನಟನಟಿಯರ ಉಡುಪು ಎಲ್ಲವೂ ಅಲ್ಲೇ ಹುಟ್ಟಬೇಕು. ಯಾವ ಕೆಲಸ ಯಾವಾಗ ಆಗಬೇಕು, ಯಾರಿಂದ ಆಗಬೇಕು, ಯಾವುದು ಮುಗಿದ ಮೇಲೆ ಯಾವುದಕ್ಕೆ ಕೈ ಹಾಕಬೇಕು ಎಂಬುದೆಲ್ಲ ಅಕ್ಕನ ತಲೆಯಲ್ಲಿತ್ತು. ತಲೆಯಿಂದ ಅದು ನೇರ ಬಾಯಿಗೆ ಬರುತ್ತಿತ್ತು. ಅಪ್ಪ ಹೋದ ಮೇಲೆ ಕಾರ್ಖಾನೆ ನಡೆದದ್ದೇ ಆ ಬಾಯಿಯಿಂದ. ಕೆಲಸದವರು ಬೆನ್ನ ಹಿಂದೆ ಅವಳನ್ನು ಮೈಕಕ್ಕ ಎನ್ನುತ್ತಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು. ಮುಖ ಗಂಟು ಹಾಕಿದಂತೆ ಮಾಡಿದರೂ ಒಳಗೊಳಗೇ ಅವಳಿಗೆ ಆ ಹೆಸರು ಹಿಡಿಸಿತ್ತು.

ಅಂಥ ಗಂಟಲಿಗೇ ಬೀಗ ಬಿತ್ತು. ಸ್ವಲ್ಪ ದಿನದಿಂದ ಧ್ವನಿ ಒಡೆಯುತ್ತಿತ್ತು. ಶೀತ ಇರಬೇಕೆಂದು ಅವಳು ಬಿಸಿನೀರು ಕುಡಿದು ತಳ್ಳಿಹಾಕಿದ್ದಳು. ಕೊನೆಗೆ ವೈದ್ಯೆ ಒಳಗೆ ಬೆಳಕು ಬಿಟ್ಟು ನೋಡಿ, ಧ್ವನಿತಂತುವಿನ ಮೇಲೆ ಸಣ್ಣ ಗಂಟೊಂದಿದೆ, ತೆಗೆಯಬೇಕು ಎಂದರು. ತೆಗೆದದ್ದೂ ಆಯಿತು. ಗಾಬರಿಪಡುವಂಥದ್ದೇನೂ ಅದರಲ್ಲಿರಲಿಲ್ಲ. ಆದರೆ ಹೊರಡುವಾಗ ವೈದ್ಯೆ ಬೆರಳೆತ್ತಿ ಹೇಳಿದರು: "ನಾನು ಹೇಳೋ ತನಕ ಒಂದು ಮಾತೂ ಆಡೋ ಹಾಗಿಲ್ಲ. ಪಿಸುಮಾತೂ ಬೇಡ. ಕೂಗಿದ್ರೋ, ಮತ್ತೆ ಕೂಗೋಕೆ ಗಂಟಲೇ ಇರಲ್ಲ."

ಅಕ್ಕ ಕೈಯಲ್ಲೇ ಕೇಳಿದಳು: ಎಷ್ಟು ದಿನ?

"ನಾನು ಹೇಳೋ ತನಕ" ಎಂದರು ವೈದ್ಯೆ.

ಹುಣ್ಣಿನ ಮೇಲೆ ಬರೆ ಎಂಬಂತೆ ಅದೇ ಹೊತ್ತಿಗೆ ದೊಡ್ಡ ಕೆಲಸವೊಂದನ್ನು ಒಪ್ಪಿಕೊಂಡಾಗಿತ್ತು. ನಗರದ ದೊಡ್ಡ ರಂಗಮಂದಿರದ ಹೊಸ ನಾಟಕ. ಅದರಲ್ಲಿ ರಂಗದ ಅರ್ಧವನ್ನೇ ಆಕ್ರಮಿಸುವ, ಹಾವಿನಂತೆ ಬಳುಕಿ ಇಳಿಯುವ ಮೆಟ್ಟಿಲಸಾಲು. ಮರದ್ದೇ ಆದರೂ ನೋಡುವವರಿಗೆ ಅಮೃತಶಿಲೆ ಅನ್ನಿಸಬೇಕು. ಅದರ ಮೇಲಿಂದ ನಾಯಕಿ ನೆಲ ಗುಡಿಸುವಷ್ಟು ಉದ್ದದ ನಿಲುವಂಗಿ ತೊಟ್ಟು ಇಳಿದು ಬರಬೇಕು.

ಸುದ್ದಿ ತಿಳಿದು ತಂಗಿ ಬಂದಳು. ಅವಳಿಗೂ ಅಕ್ಕನಿಗೂ ವಯಸ್ಸಿನಲ್ಲಿ ಬಹಳ ಅಂತರ. ಅಕ್ಕನ ಕಂಕುಳಲ್ಲೇ ಬೆಳೆದವಳು. ನಾಲ್ಕು ಜನ ಮೇಡಂ ಎನ್ನುವ ಕಾಲ ಬಂದರೂ ಅಕ್ಕನ ಪಾಲಿಗೆ ಪುಟ್ಟಿಯೇ. ಅದೇ ನಗರದಲ್ಲಿ ಕಚೇರಿಗಳಿಗೆ ಡೇಟಾಬೇಸ್ ಕಟ್ಟಿಕೊಡುವುದು ಅವಳ ವೃತ್ತಿ. ಹಾಗೆಂದರೆ ಏನೆಂದು ಅಕ್ಕನಿಗೆ ಎಂದೂ ಸರಿಯಾಗಿ ಹೊಳೆದಿರಲಿಲ್ಲ. ಯಾರಾದರೂ ಕೇಳಿದರೆ, "ಕಂಪ್ಯೂಟರ್‌ನಲ್ಲಿ ಏನೋ ಮಾಡ್ತಾಳಪ್ಪ, ಕೂತ ಜಾಗದಲ್ಲೇ" ಎಂದು ಮುಗಿಸಿಬಿಡುತ್ತಿದ್ದಳು. ಮೇಸ್ತ್ರಿ ಕಡೆದ ಕಂಬವನ್ನು ಮುಟ್ಟಿ ನೋಡಬಹುದು. ಇವಳು ಕಟ್ಟಿದ್ದನ್ನು ಮುಟ್ಟುವುದು ಹೇಗೆ?

"ರಜೆ ಹಾಕಿ ಬಂದಿದೀನಿ" ಎಂದಳು ತಂಗಿ. "ಕೆಲಸ ಹಂಚೋ ಸಾಫ್ಟ್‌ವೇರ್ ಒಂದು ಹಾಕಿಕೊಡ್ತೀನಿ. ಯಾರು ಏನು ಮಾಡ್ಬೇಕು, ಎಷ್ಟಾಯ್ತು, ಮುಂದೆ ಏನು, ಎಲ್ಲ ಗೋಡೆ ಮೇಲಿನ ಪರದೇಲಿ ಕಾಣುತ್ತೆ. ನೀನು ಕೂಗೋದೇ ಬೇಡ."

ಅಕ್ಕ ಆಸ್ಪತ್ರೆಯಿಂದ ಬಂದಾಗಿನಿಂದ ಕೈಯಲ್ಲೇ ಇರುತ್ತಿದ್ದ ಬರೆಯುವ ಹಲಗೆಯ ಮೇಲೆ ಬರೆದಳು: "ಇವರು ನಾನು ಕೂಗಿದ್ರೇ ಕೇಳಲ್ಲ. ಗೋಡೆ ಮಾತು ಕೇಳ್ತಾರಾ?"

"ನೋಡೋಣ."

ಸಾಫ್ಟ್‌ವೇರ್ ಹಾಕುವುದೇನೋ ಒಂದು ಬೆಳಗಿನಲ್ಲಿ ಮುಗಿಯಿತು. ಕಚೇರಿಯ ಮೂಲೆಯಲ್ಲಿ ಕಂಪ್ಯೂಟರ್ ಇತ್ತು, ಗೋಡೆಗೆ ದೊಡ್ಡ ಪರದೆ ಏರಿತು. ಇನ್ನೇನು ಕೆಲಸ ಶುರುವಾಗುತ್ತದೆ ಅಂದುಕೊಂಡರೆ ತಂಗಿ ಏಳಲೇ ಇಲ್ಲ.

"ಇದು ಅಂಗಡಿಯ ಮುಂಭಾಗ ಅಷ್ಟೇ ಅಕ್ಕಾ. ಹಿಂದೆ ಉಗ್ರಾಣ ಬೇಕಲ್ಲ? ಯಾವ ಸಾಮಾನು ಯಾವ ಗೂಡಲ್ಲಿ, ಯಾವುದಕ್ಕೆ ಯಾವುದು ಅಂಟಿಕೊಂಡಿದೆ ಅಂತ ಮೊದಲೇ ಸರಿಮಾಡ್ಬೇಕು. ಅದೇ ಡೇಟಾಬೇಸು. ಉಗ್ರಾಣ ಕೆಟ್ಟರೆ ಅಂಗಡಿ ಎಷ್ಟು ಚೆಂದ ಇದ್ರೂ ಏನು ಬಂತು?"

ಉಗ್ರಾಣದ ಮಾತು ಅಕ್ಕನ ತಲೆಗೆ ಇಳಿಯಿತು. ಕುರ್ಚಿ ಎಳೆದುಕೊಂಡು ಕೂತಳು.

ತಂಗಿ ಒಬ್ಬೊಬ್ಬರ ಬಳಿಯೂ ಹೋಗಿ ಕೂತು ಕೇಳತೊಡಗಿದಳು. ಅವಳು ಕೇಳುವ ರೀತಿ ನೋಡಿ ಅಕ್ಕನಿಗೆ ಮೊದಲು ನಗು ಬಂತು. ಮೆಟ್ಟಿಲು ಮಾಡುವುದು ಅಂದರೆ ಒಂದೇ ಕೆಲಸ ತಾನೇ? ಮೇಸ್ತ್ರಿಯ ಬಾಯಿಂದ ಅವಳು ಅದನ್ನು ಈರುಳ್ಳಿ ಸುಲಿದಂತೆ ಸುಲಿದಳು. ಚೌಕಟ್ಟು ಬೇರೆ, ಹಲಗೆ ಕೂರಿಸುವುದು ಬೇರೆ, ಪಕ್ಕದ ಕಟಾಂಜನ ಬೇರೆ, ಸಾಗಿಸಲು ತುಂಡಾಗಿ ಬಿಚ್ಚುವುದು ಬೇರೆ.

"ಮುಗೀತು ಅಂತ ಯಾವಾಗ ಅಂತೀರಿ?" ಎಂದು ಕೇಳಿದಳು.

"ನನ್ನ ಕೈ ಬಿಟ್ಟಾಗ" ಎಂದರು ಮೇಸ್ತ್ರಿ. ಮಾತಿಗೆ ಕಾಸು ಕೊಡಬೇಕೇನೋ ಎಂಬಂತೆ ಮಾತಾಡುವ ಮನುಷ್ಯ.

"ಅದು ಹೇಗಾಗುತ್ತೆ?" ಎಂದು ಪಕ್ಕದಿಂದ ಬಾಯಿ ಹಾಕಿದಳು ಉಡುಪು ಹೊಲಿಯುವ ದರ್ಜಿ. ಎಲ್ಲರೂ ಅವಳನ್ನು ಅತ್ತಿಗೆ ಎಂದೇ ಕರೆಯುತ್ತಿದ್ದರು. "ನಾಯಕಿನ ಆ ಮೆಟ್ಟಿಲ ಮೇಲೆ ನಡೆಸಿ ನಾನು ನಿಲುವಂಗಿ ಅಂಚು ಮಡಚ್ಬೇಕು. ಬಣ್ಣ ಒಣಗದೆ ಹತ್ತಿಸಿದ್ರೆ ಬಟ್ಟೆ ಗತಿ ಏನು? ನನ್ನ ಪಾಲಿಗೆ ಅದು ಒಣಗಿದಾಗ್ಲೇ ಮುಗಿಯೋದು."

ತಂಗಿಯ ಮುಖ ಅರಳಿತು. "ಇದೇ ಬೇಕಾಗಿದ್ದು ನಂಗೆ" ಎಂದಳು.

ಹೀಗೆ ಉಗ್ರಾಣದಲ್ಲಿ ಗೂಡುಗಳು ಎದ್ದವು. ಜನರಿಗೊಂದು ಕೋಷ್ಟಕ, ಕೆಲಸಗಳಿಗೊಂದು, ಯಾವ ಕೆಲಸ ಯಾವುದಕ್ಕಾಗಿ ಕಾಯಬೇಕು ಎಂಬ ಸಂಬಂಧಗಳಿಗೆ ಮತ್ತೊಂದು. ಪ್ರತಿ ಕೆಲಸಕ್ಕೂ ಒಬ್ಬರೇ ಹೊಣೆಗಾರರು. ಕೈ ಹಚ್ಚುವವರು ಎಷ್ಟು ಜನರಾದರೂ ಇರಲಿ, ಕೇಳಿದಾಗ ಉತ್ತರ ಕೊಡುವವರು ಒಬ್ಬರು. ಹತ್ತು ಜನರ ಎತ್ತು ಹೊಲದಲ್ಲೇ ಉಳಿಯಿತು ಎನ್ನುವ ಹಾಗಾಗಬಾರದೆಂದು ಈ ಷರತ್ತು ಹಾಕಿದ್ದು ಅಕ್ಕನೇ. ಹಲಗೆಯ ಮೇಲೆ ಅವಳು ಅದನ್ನು ಬರೆದು ತೋರಿಸಿದಾಗ ತಂಗಿ, "ನೀನು ನಮ್ಮ ಕಚೇರೀಲಿ ಇರ್ಬೇಕಿತ್ತು" ಎಂದಳು. ಅಕ್ಕ ಸೆರಗು ಸರಿಪಡಿಸಿಕೊಂಡಳು.

ದಿನಾ ಬೆಳಿಗ್ಗೆ ಎಲ್ಲರೂ ಬರುವ ಮುಂಚೆ ತಂಗಿ ಇಡೀ ಉಗ್ರಾಣದ ನಕಲು ತೆಗೆದಿಡುತ್ತಿದ್ದಳು. ತೆಗೆದದ್ದನ್ನು ಬೇರೆ ಕಡೆ ಬಿಚ್ಚಿ, ನಿಜಕ್ಕೂ ಎಲ್ಲ ಇದೆಯೇ ಎಂದು ನೋಡುತ್ತಲೂ ಇದ್ದಳು. ಇದು ಅತಿಯಾಯಿತೆಂದು ಅಕ್ಕ ಕೈಯಾಡಿಸಿದರೆ, "ತೆರೆದು ನೋಡದ ನಕಲು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ" ಎಂದಳು.

ಗೋಡೆಯ ಮೇಲೆ ಹೆಸರುಗಳು ಬಂದವು. ಕೆಲಸ ಮುಗಿದಾಗ ಅವರವರೇ ಪರದೆಯಲ್ಲಿ ತಮ್ಮ ಸಾಲನ್ನು ಒತ್ತಬೇಕು. ಮೊದಲೆರಡು ದಿನ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಒಬ್ಬರು ಮುಗಿಯದ್ದನ್ನು ಮುಗಿಯಿತೆಂದು ಒತ್ತಿದರು, ಇನ್ನೊಬ್ಬರು ಒತ್ತುವುದನ್ನೇ ಮರೆತರು. ಆಮೇಲೆ ಒಂದು ಬೆಳಿಗ್ಗೆ ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಾಳೆ: ಮೇಸ್ತ್ರಿ ಬಂದರು, ಗೋಡೆ ನೋಡಿದರು, ಹಲಗೆ ಎತ್ತಿಕೊಂಡು ಹೋದರು. ಅತ್ತಿಗೆ ಬಂದಳು, ನೋಡಿದಳು, ಕತ್ತರಿ ಹಿಡಿದಳು. ಯಾರೂ ಅಕ್ಕನ ಕಡೆ ತಿರುಗಲಿಲ್ಲ. ಇಷ್ಟು ವರ್ಷ ಇವರನ್ನೆಲ್ಲ ಎಬ್ಬಿಸಿ ನಡೆಸಿದ್ದು ತಾನು ಅಂದುಕೊಂಡಿದ್ದಳಲ್ಲ, ಆ ಜಾಗದಲ್ಲಿ ಏನೋ ಚುಚ್ಚಿತು. ಮನೆಗೆ ಹೋಗಿ ಮಲಗಿಬಿಡಲೇ ಅನ್ನಿಸಿತು. ಹೋಗಲಿಲ್ಲ. ಮಾಡಲು ಬೇರೇನೂ ಇಲ್ಲದೆ ಕಾರ್ಖಾನೆಯ ತುದಿಗೆ ನಡೆದು, ಪ್ರೇಕ್ಷಕರು ಕೂರುವಷ್ಟು ದೂರದಿಂದ ಮೆಟ್ಟಿಲಸಾಲನ್ನು ನೋಡಿದಳು. ತಿರುವಿನಲ್ಲಿ ಕಟಾಂಜನ ತೀರಾ ದಪ್ಪ. ನಾಯಕಿಯ ಅರ್ಧ ಮೈ ಅದರ ಹಿಂದೆ ಮುಳುಗಿಹೋಗುತ್ತದೆ! ಹತ್ತಿರ ನಿಂತು ಕೂಗುತ್ತಿದ್ದಷ್ಟು ದಿನ ಇದು ಕಂಡಿರಲಿಲ್ಲ. ಹಲಗೆಯ ಮೇಲೆ ಗೆರೆ ಎಳೆದು ಮೇಸ್ತ್ರಿಗೆ ತೋರಿಸಿದಳು. ಅವರು ಅವಳ ಜಾಗಕ್ಕೆ ಬಂದು ನಿಂತು, ಕಣ್ಣು ಕಿರಿದು ಮಾಡಿ ನೋಡಿ, "ಹೌದು" ಎಂದರು. ಗೋಡೆಯ ಮೇಲೆ ಹೊಸ ಕೆಲಸವೊಂದು ಸೇರಿತು, ಅದರ ಪಕ್ಕದಲ್ಲಿ ಅಕ್ಕನ ಹೆಸರು.

ಎಲ್ಲ ಸುಸೂತ್ರ ಅನ್ನುವಷ್ಟರಲ್ಲಿ ಚಿಕ್ಕಪ್ಪನ ಮೂಗಿನ ತುದಿಗೆ ಕೋಪ ಬಂತು.

ಚಿಕ್ಕಪ್ಪ ಅಪ್ಪನ ತಮ್ಮ. ಬಣ್ಣದ ಕೆಲಸವೆಲ್ಲ ಅವರದು. ಅವರು ಕುಂಚ ಹಿಡಿದರೆ ಮರ ಕಲ್ಲಾಗುತ್ತದೆ, ಬಟ್ಟೆ ಸಮುದ್ರವಾಗುತ್ತದೆ. ಅದರಲ್ಲಿ ಎರಡು ಮಾತಿಲ್ಲ. ಆದರೆ ಕೆಲಸ ಬಿಟ್ಟು ಹೋಗುತ್ತೇನೆ ಎನ್ನುವುದು ಅವರಿಗೆ ಆಕಳಿಸಿದಷ್ಟೇ ಸುಲಭ. ಅಕ್ಕ ಕೂಗುತ್ತಾಳೆ, ಅವರು ಅದಕ್ಕಿಂತ ಜೋರಾಗಿ ಕೂಗುತ್ತಾರೆ, ಕುಂಚ ಬಿಸಾಡಿ ಹೋಗುತ್ತಾರೆ, ಚಹಾದ ಹೊತ್ತಿಗೆ ವಾಪಸು ಬರುತ್ತಾರೆ. ಮಳೆ ಸುರಿದು ನಿಂತ ಹಾಗೆ ಇಬ್ಬರ ಮನಸ್ಸೂ ತಿಳಿಯಾಗುತ್ತದೆ.

ಆ ದಿನ ಅವರು ಕಲ್ಲಿನ ಬಣ್ಣದ ಮೊದಲ ಲೇಪ ಮುಗಿಸಿ ಕೂತಿದ್ದರು. ಪರದೆಯಲ್ಲಿ ಅವರ ಹೆಸರಿನ ಮುಂದೆ "ತಡವಾಗಿದೆ" ಎಂದು ಕೆಂಪಗೆ ಬಂದಿತ್ತು. ಅಕ್ಕ ಬೆರಳು ಮಾಡಿ ಅದನ್ನು ತೋರಿಸಿದಳು, ಅಷ್ಟೇ.

"ಏನು, ಗೋಡೆ ಕೈಲಿ ಬೈಸ್ತೀಯಾ ನನ್ನ?" ಎಂದು ಎದ್ದರು ಚಿಕ್ಕಪ್ಪ. "ನಿಮ್ಮಪ್ಪ ಒಂದು ದಿನ ನನಗೆ ತಡ ಅಂದಿಲ್ಲ. ಕಲ್ಲು ಆಗೋಕೆ ಕಲ್ಲಿಗೇ ಸಾವಿರಾರು ವರ್ಷ ಬೇಕು, ನನಗೆ ಎರಡು ದಿನ ಕೊಟ್ಟಿದೀರಿ! ನಾನು ಹೊರಟೆ. ಇನ್ನು ಈ ಕಡೆ ಕಾಲಿಡಲ್ಲ. ನನ್ನ ಹೆಸರು ತೆಗೆದುಹಾಕು ಆ ಗೋಡೆಯಿಂದ!"

ಕುಂಚ ಹಾರಿ ಬಿತ್ತು. ಅಕ್ಕನ ಎದೆಯಿಂದ ಎದ್ದ ಕೂಗು ಗಂಟಲಿಗೆ ಬಂದು, ವೈದ್ಯೆಯ ಬೆರಳು ನೆನಪಾಗಿ ಅಲ್ಲೇ ನಿಂತಿತು. ಹೊರಗೆ ಹೋಗಲಾರದ ಸಿಟ್ಟು ಎಲ್ಲಿಗೆ ತಾನೇ ಹೋಗಬೇಕು? ಹಲ್ಲು ಕಡಿಯುತ್ತ ಕಚೇರಿಯ ಮೂಲೆಗೆ ನಡೆದಳು. ತಂಗಿ ಹೊರಗೆ ಹೋಗಿದ್ದಳು. ಜನರ ಕೋಷ್ಟಕ ತೆರೆದೇ ಇತ್ತು. ತೆಗೆದುಹಾಕು ಅಂದರಲ್ಲ, ತಗೊಳ್ಳಿ ಮತ್ತೆ! ಚಿಕ್ಕಪ್ಪನ ಹೆಸರನ್ನು ಹುಡುಕಿ ಅಳಿಸು ಎಂಬುದನ್ನು ಒತ್ತಿದಳು. "ಖಚಿತವೇ?" ಎಂದು ಕೇಳಿತು. ಇನ್ನೂ ಜೋರಾಗಿ ಒತ್ತಿದಳು. ಜೀವಕ್ಕೆ ತಂಪಾಯಿತು.

ತಂಪು ಬಹಳ ಹೊತ್ತು ಉಳಿಯಲಿಲ್ಲ. ಕೆಲಸದ ಜಾಗದಿಂದ ಮೇಸ್ತ್ರಿ ಬಂದು ಬಾಗಿಲಲ್ಲಿ ನಿಂತರು.

"ನನಗೆ ಮೆಟ್ಟಿಲು ಬಿಚ್ಚೋ ಕೆಲಸ ಇತ್ತು. ಈಗ ಇಲ್ಲ."

ಅವರ ಹಿಂದೆಯೇ ಅತ್ತಿಗೆ. "ನನ್ನ ಅಂಚು ಮಡಚೋದೂ ಹೋಯ್ತಲ್ರೀ! ನಾಯಕಿನ ಕರೆಸೋದು, ನಡೆಸಿ ನೋಡೋದು, ಯಾವುದೂ ಇಲ್ಲ. ನಾಟಕ ನಿಂತುಹೋಯ್ತಾ ಹೇಗೆ?"

ಅಕ್ಕ ಓಡಿ ಬಂದು ಗೋಡೆ ನೋಡಿದಳು. ಚಿಕ್ಕಪ್ಪನ ಜೊತೆಗೆ ಅವರ ಬಣ್ಣದ ಕೆಲಸಗಳೆಲ್ಲ ಹೋಗಿದ್ದವು. ಆ ಬಣ್ಣಕ್ಕಾಗಿ ಕಾಯುತ್ತಿದ್ದ ಒಣಗಿಸುವಿಕೆ, ಒಣಗುವುದಕ್ಕಾಗಿ ಕಾಯುತ್ತಿದ್ದ ಅಂಚು, ಅದಕ್ಕಾಗಿ ಕಾಯುತ್ತಿದ್ದ ಬಿಚ್ಚುವ ಕೆಲಸ, ಒಂದರ ಬಾಲ ಹಿಡಿದು ಇನ್ನೊಂದು ಎಲ್ಲವೂ ಸಾಲಾಗಿ ಗುಳೆ ಹೋಗಿದ್ದವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಪುಟ್ಟಿ ಹೊತ್ತುಗಟ್ಟಲೆ ಕೂತು, ಒಬ್ಬೊಬ್ಬರ ಬಾಯಿಂದ ಹೆಕ್ಕಿ ಹೆಕ್ಕಿ ಕಟ್ಟಿದ್ದಕ್ಕೆ ದೊಣ್ಣೆ ಬೀಸಿದ್ದು ತಾನು.

ತಂಗಿ ಬಂದಾಗ ಅಕ್ಕ ಮಾತಿಲ್ಲದೆ ಹಲಗೆ ಮುಂದೆ ಹಿಡಿದಳು: "ಚಿಕ್ಕಪ್ಪನನ್ನು ಅಳಿಸಿದೆ. ಸಿಟ್ಟಿನಲ್ಲಿ. ಎಲ್ಲ ಹೋಯಿತು."

ತಂಗಿ ಓದಿದಳು. ಒಂದು ಗಳಿಗೆ ಕಣ್ಣು ಮುಚ್ಚಿದಳು. ಆಮೇಲೆ ಅವಳ ತುಟಿಯ ಅಂಚು ಅದುರಿತು. ಅಳುತ್ತಾಳೇನೋ ಎಂದು ಅಕ್ಕ ಹತ್ತಿರ ಬಂದರೆ ಅವಳು ನಗು ತಡೆಯುತ್ತಿದ್ದಳು.

"ಇಡೀ ಚಿಕ್ಕಪ್ಪನ್ನೇ?" ಎಂದಳು.

ನಕ್ಕದ್ದು ಅಷ್ಟೇ. ಕೂತಳು. ಯಾರೂ ಏನನ್ನೂ ಒತ್ತದ ಹಾಗೆ ಮೊದಲು ಪರದೆಯನ್ನು ನಿಲ್ಲಿಸಿದಳು. ಬೆಳಗಿನ ನಕಲು ಇದೆಯಲ್ಲ, ಅದನ್ನೇ ಮೇಲೆ ಹಾಕು ಎಂದು ಅಕ್ಕ ಸನ್ನೆ ಮಾಡಿದಳು.

"ಪೂರ್ತಿ ಹಾಕಿದ್ರೆ ಬೆಳಗಿಂದ ಇವರೆಲ್ಲ ಮಾಡಿದ್ದು, ಒತ್ತಿದ್ದು ಎಲ್ಲ ಹೋಗುತ್ತೆ ಅಕ್ಕಾ. ಅವರ ದುಡಿಮೆ ಅದು. ನಕಲನ್ನ ಪಕ್ಕದಲ್ಲಿ ಬಿಚ್ಚಿಡ್ತೀನಿ. ಅದರಿಂದ ಹೋದ ಸಾಲುಗಳನ್ನಷ್ಟೇ ಎತ್ತಿ ತರ್ತೀನಿ. ಮೊದಲು ಚಿಕ್ಕಪ್ಪ, ಆಮೇಲೆ ಅವರ ಕೆಲಸ, ಕೊನೆಗೆ ಯಾವುದು ಯಾವುದಕ್ಕೆ ಕಾಯುತ್ತೆ ಅನ್ನೋದು. ಈ ಕ್ರಮ ತಪ್ಪೋ ಹಾಗಿಲ್ಲ. ಆಳೇ ಇಲ್ದೆ ಕೆಲಸ ಯಾರ ತಲೆ ಮೇಲೆ ಕೂರುತ್ತೆ?"

ಅಕ್ಕ ಅವಳ ಹಿಂದೆ ನಿಂತಳು. ತಂಗಿಯ ಬೆರಳುಗಳು ಆತುರಪಡಲಿಲ್ಲ, ತಡವರಿಸಲೂ ಇಲ್ಲ. ಒಂದು ಸಾಲು ಬರೆಯುವಳು, ನಿಲ್ಲುವಳು, ಓದುವಳು, ಆಮೇಲೆ ಒತ್ತುವಳು. ಮೇಸ್ತ್ರಿ ಒಳ್ಳೆಯ ಮರಕ್ಕೆ ಉಳಿ ಇಡುವ ಮುಂಚೆ ಹೀಗೇ ನಿಲ್ಲುತ್ತಾರೆ. ಚಿಕ್ಕಪ್ಪ ಕೊನೆಯ ಗೆರೆ ಎಳೆಯುವ ಮುಂಚೆ ಹೀಗೇ ಉಸಿರು ಹಿಡಿಯುತ್ತಾರೆ. ಕಂಪ್ಯೂಟರ್‌ನಲ್ಲಿ ಏನೋ ಮಾಡ್ತಾಳೆ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದದ್ದು ನೆನಪಾಗಿ ಅಕ್ಕನಿಗೆ ನಾಚಿಕೆಯಾಯಿತು. ಅದರ ಹಿಂದೆಯೇ ಎದೆ ತುಂಬಿ ಬಂತು. ಇದು ಕಸುಬು. ತಮ್ಮ ಮನೆತನದ ಕೈಯೇ ಇದು, ಹತ್ಯಾರ ಮಾತ್ರ ಬೇರೆ. ಬಾಯಿ ಇದ್ದಿದ್ದರೆ ಆಗಲೇ ಕಾರ್ಖಾನೆಗೆಲ್ಲ ಕೇಳುವಂತೆ ಕೂಗಿ ಹೇಳುತ್ತಿದ್ದಳು. ಇಲ್ಲದ್ದಕ್ಕೆ ತಂಗಿಯ ನೆತ್ತಿಯ ಮೇಲೆ ಕೈಯಿಟ್ಟಳು.

"ಅಲುಗಾಡಿಸ್ಬೇಡ" ಎಂದಳು ತಂಗಿ.

ಗೋಡೆಯ ಮೇಲೆ ಒಂದೊಂದಾಗಿ ಎಲ್ಲ ಮರಳಿ ಬಂದವು. ಬೆಳಗಿನಿಂದ ಮಾಡಿದ್ದೂ ಹಾಗೇ ಇತ್ತು. ಅತ್ತಿಗೆ ಚಪ್ಪಾಳೆ ತಟ್ಟಿದಳು. ಮೇಸ್ತ್ರಿ ಹತ್ತಿರ ಹೋಗಿ ತಮ್ಮ ಸಾಲುಗಳನ್ನೆಲ್ಲ ಮೇಲಿಂದ ಕೆಳಗೆ ನೋಡಿ, ತಂಗಿಯ ಕಡೆ ತಿರುಗಿ, "ಗಟ್ಟಿ ಕೆಲಸ" ಎಂದರು. ಅವರ ಬಾಯಿಂದ ಆ ಮಾತು ಕೇಳಲು ಜನ ವರ್ಷಗಟ್ಟಲೆ ಕಾದದ್ದುಂಟು.

ಅಕ್ಕ ಹಲಗೆಯ ಮೇಲೆ ಕ್ಷಮೆ ಬರೆಯಹೊರಟರೆ ತಂಗಿ ತಡೆದಳು. "ಅಳಿಸಿದ್ದು ನೀನಾದ್ರೂ ಅಳಿಸೋಕೆ ಬಿಟ್ಟಿದ್ದು ನಾನು. ಮನುಷ್ಯ ಹೋದ ಅಂತ ಅವನ ಕೆಲಸವೂ ಹೋಗೋ ಹಾಗೆ ಕಟ್ಟಿದ್ದೆ. ಸುಲಭ ಅಂತ ಹಾಗೆ ಮಾಡಿದ್ದು. ಅದು ನಂದೇ ತಪ್ಪು. ಸದ್ಯ, ಈಗ್ಲೇ ಗೊತ್ತಾಯ್ತು." ಹಾಗೆಂದು ಮತ್ತೆ ಕೂತು ನಿಯಮವನ್ನೇ ಬದಲಿಸಿದಳು. ಇನ್ನು ಯಾರ ಹೆಸರನ್ನೂ ಅಳಿಸಲು ಬರುವುದಿಲ್ಲ. ಬಿಟ್ಟು ಹೋದವರ ಹೆಸರಿನ ಮುಂದೆ "ಸದ್ಯ ಕೆಲಸದಲ್ಲಿಲ್ಲ" ಎಂದಷ್ಟೇ ಬರುತ್ತದೆ. ಅವರ ಕೈಯಲ್ಲಿದ್ದುದನ್ನು ಇನ್ನೊಬ್ಬರಿಗೆ ವಹಿಸುವ ತನಕ ಅದೂ ಬರುವುದಿಲ್ಲ. ಬದಲಿಸಿದ ಮೇಲೆ ಅಕ್ಕನನ್ನೇ ಕೂರಿಸಿ, "ಈಗ ಅಳಿಸು ನೋಡೋಣ" ಎಂದಳು. ಅಕ್ಕ ಹೆದರುತ್ತ ಹೆದರುತ್ತ ಒತ್ತಿದಳು. ಆಗದು ಎಂದಿತು. ಇನ್ನೊಮ್ಮೆ ಒತ್ತಿದಳು. ಆಗದು.

ಚಹಾದ ಹೊತ್ತಿಗೆ ಚಿಕ್ಕಪ್ಪ ಬಂದರು. ಏನೂ ಆಗದವರಂತೆ ಕುಂಚ ತೊಳೆಯುತ್ತಿದ್ದವರ ಕಿವಿಯಲ್ಲಿ ಅತ್ತಿಗೆ ನಡೆದದ್ದನ್ನು ಊದಿದಳು.

"ನನ್ನ ಅಳಿಸಿದ್ಯಾ?" ಎಂದು ಅವರು ಅಕ್ಕನ ಮುಂದೆ ಬಂದು ನಿಂತರು. "ಅಲ್ವೇ, ನಾನು ಕೆಲಸ ಬಿಡೋದು ಇದೇನು ಮೊದಲ ಸಲವಾ? ಇಷ್ಟು ದಿನ ಆದ್ಮೇಲೆ ಈಗ ನನ್ನ ಮಾತು ನಂಬೋಕೆ ಶುರು ಮಾಡಿದ್ಯಾ?"

ಅಕ್ಕ ಹಲಗೆ ಎತ್ತಿದಳು: "ಕೂಗಲು ಆಗಲಿಲ್ಲ ಚಿಕ್ಕಪ್ಪಾ."

ಚಿಕ್ಕಪ್ಪ ಎರಡು ಸಲ ಓದಿದರು. ಅವಳು ತಿರುಗಿ ಕೂಗದಿದ್ದುದೇ ತಮ್ಮನ್ನು ಅಷ್ಟು ಕೆರಳಿಸಿದ್ದೆಂದು ಅವರಿಗೂ ಆಗ ಹೊಳೆದಿರಬೇಕು. ಕುಂಚದ ನೀರು ಕೊಡವಿ ತಂಗಿಯ ಕಡೆ ತಿರುಗಿದರು.

"ನಾನಿಲ್ದೆ ಎಷ್ಟು ಕೆಲಸ ನಿಂತಿತ್ತು?"

"ಬಣ್ಣದ ನಂತರದ್ದೆಲ್ಲ, ಚಿಕ್ಕಪ್ಪಾ. ಒಂದೂ ಉಳಿದಿರ್ಲಿಲ್ಲ."

"ಒಂದೂ ಉಳಿದಿರ್ಲಿಲ್ಲ!" ಎಂದು ಚಿಕ್ಕಪ್ಪ ಇಡೀ ಕಾರ್ಖಾನೆಗೆ ಕೇಳುವಂತೆ ಹೇಳಿದರು. ಎದೆ ಸೆಟೆಸಿ ಮೆಟ್ಟಿಲ ಬಳಿಗೆ ನಡೆದರು. ಅವತ್ತು ಅವರು ಎಳೆದಂಥ ಅಮೃತಶಿಲೆಯ ಗೆರೆಗಳನ್ನು ಹಿಂದೆಂದೂ ಎಳೆದಿರಲಿಲ್ಲ ಎಂದು ಮೇಸ್ತ್ರಿಯೇ ಒಪ್ಪಿಕೊಂಡರು. ಬಣ್ಣ ಒಣಗಿತು, ಅತ್ತಿಗೆ ಅಂಚು ಮಡಚಿದಳು, ಮೆಟ್ಟಿಲಸಾಲು ಬಿಚ್ಚಿಕೊಂಡು ಲಾರಿ ಹತ್ತಿತು.

ರಂಗಮಂದಿರದಲ್ಲಿ ಅದನ್ನು ಜೋಡಿಸಿ ನಿಲ್ಲಿಸಿದ ದಿನ ಅಲ್ಲಿನ ವ್ಯವಸ್ಥಾಪಕಿ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಒಂದು ಕೀಲೂ ತಪ್ಪಿರಲಿಲ್ಲ, ಒಂದು ತಿರುಪೂ ಮರೆತಿರಲಿಲ್ಲ. "ನಿಮಗೆ ಹುಷಾರಿಲ್ಲ ಅಂತ ಕೇಳಿ ನಮ್ಮ ಜೀವ ಬಾಯಿಗೆ ಬಂದಿತ್ತು" ಎಂದರು ಅಕ್ಕನಿಗೆ. "ಇಷ್ಟನ್ನೆಲ್ಲ ಯಾರು ನೋಡ್ಕೊಂಡ್ರು?"

ಆ ವಾರವಷ್ಟೇ ವೈದ್ಯೆ ಮೆಲ್ಲಗೆ ನಾಲ್ಕು ಮಾತಾಡಲು ಅಪ್ಪಣೆ ಕೊಟ್ಟಿದ್ದರು. ಅಕ್ಕ ಆ ನಾಲ್ಕನ್ನೂ ಹಾಳುಮಾಡದೆ ಕೂಡಿಟ್ಟುಕೊಂಡಿದ್ದಳು. ಲಾರಿಯ ಬಳಿ ನಿಂತಿದ್ದ ತಂಗಿಯನ್ನು ಕೈ ಹಿಡಿದು ಕರೆತಂದಳು.

"ಇವಳು ನನ್ನ ತಂಗಿ" ಎಂದಳು. ಧ್ವನಿ ಹೊಸದಾಗಿ ಕಟ್ಟಿದ ತಂತಿಯಂತೆ ಸಣ್ಣಗಿತ್ತು. "ಡೇಟಾಬೇಸ್ ಕಟ್ತಾಳೆ. ನಮ್ಮ ಕಾರ್ಖಾನೆಯದನ್ನ ಇವಳೇ ಕಟ್ಟಿದ್ದು. ಬಿದ್ದರೂ ಎತ್ತಿ ನಿಲ್ಲಿಸೋ ಹಾಗೆ ಕಟ್ಟಿದಾಳೆ."

ತಂಗಿ ಅಕ್ಕನ ಕೈ ಬಿಡಲಿಲ್ಲ. ಮೂಗು ಒರೆಸಿಕೊಂಡಳು.

"ನಮ್ಮಲ್ಲೂ ಇದೇ ಗೋಳು ಕಣ್ರೀ" ಎಂದರು ವ್ಯವಸ್ಥಾಪಕಿ. "ದೀಪದವರು ಒಂದು ಹೇಳ್ತಾರೆ, ಪರದೆ ಎಳೆಯೋರು ಒಂದು ಹೇಳ್ತಾರೆ. ನಮಗೂ ಒಂದು ಹಾಕಿಕೊಡ್ತೀರಾ?"

"ಹಾಕಬಹುದು" ಎಂದಳು ತಂಗಿ. "ಆದ್ರೆ ಮೊದಲು ನಿಮ್ಮವರ ಜೊತೆ ಕೂರ್ಬೇಕು. ಒಂದು ಕೆಲಸ ಮುಗೀತು ಅಂತ ಅವರು ಯಾವಾಗ ಅಂತಾರೆ?"

ವ್ಯವಸ್ಥಾಪಕಿ ಉತ್ತರ ಹೇಳಹೋಗಿ, ತಡೆದು, ದೀಪದ ಏಣಿಯ ಮೇಲಿದ್ದವನನ್ನು ಕರೆದರು. ಅವನು ಇಳಿದು ಬಂದ. ತಂಗಿ ರಂಗದ ಅಂಚಿನಲ್ಲೇ ಕಾಲು ಇಳಿಬಿಟ್ಟು ಕೂತು ಅವನ ಮಾತು ಕೇಳತೊಡಗಿದಳು. ಖಾಲಿ ಕುರ್ಚಿಗಳ ಮೊದಲ ಸಾಲಿನಲ್ಲಿ ಅಕ್ಕ ಕೂತಳು. ಮನೆಗೆ ಹೊರಡುವ ಆತುರ ಅವಳಿಗಿರಲಿಲ್ಲ.